ಗಿಳಿ ಕೂಗುತ್ತೆ, ಕಚ್ಚುತ್ತೆ, ಗರಿ ಕೀಳುತ್ತೆ: ತಪ್ಪು ಯಾರದು?

ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಆ ಮೆಸೇಜ್ ಬಂದಾಗ ನಾನು ಆಫೀಸಿನಲ್ಲಿದ್ದೆ. ‘ಮೂರನೇ ಮಹಡಿಯವರು ದಯವಿಟ್ಟು ನಿಮ್ಮ ಹಕ್ಕಿಗೆ ಏನಾದ್ರೂ ವ್ಯವಸ್ಥೆ ಮಾಡಿ. ನಮ್ಮ ಮಗು ಹಗಲು ನಿದ್ದೆ ಮಾಡಿ ಮೂರು ದಿನ ಆಯ್ತು’. ಬರೆದವರು ಕೆಳಗಿನ ಮನೆಯವರು. ಜಗಳಗಂಟರಲ್ಲ, ಹಬ್ಬಕ್ಕೆ ಒಬ್ಬಟ್ಟು ಕಳಿಸುವಂಥ ಜನ. ಅಂಥವರು ಎಲ್ಲರೆದುರು ಹೀಗೆ ಬರೆದರು ಅಂದ್ರೆ ಅವರಿಗೆ ಎಷ್ಟು ಸಾಕಾಗಿರಬೇಕು ಅನ್ನೋದು ಅರ್ಥವಾಯಿತು.

ಅವತ್ತು ರಾತ್ರಿ ನಾನು, ನನ್ನ ಹೆಂಡತಿ ಇಬ್ಬರೂ ಕೂತು ‘ಎರಡೂವರೆ ವರ್ಷದ ಸನ್ ಕನ್ಯೂರ್, ಪಂಜರದ ಸಮೇತ ಕೊಡುತ್ತೇವೆ’ ಅಂತ ಟೈಪ್ ಮಾಡಿದೆವು. ಫೋಟೊ ಕೂಡ ಸೇರಿಸಿಯಾಗಿತ್ತು. ಕಳಿಸುವ ಬಟನ್ ಒತ್ತುವುದಷ್ಟೇ ಬಾಕಿ. ಪಕ್ಕದಲ್ಲೇ ಇದ್ದ ಪಂಜರದಲ್ಲಿ ಕೇಸರಿ ತನ್ನ ಎದೆಯಿಂದ ಒಂದು ಗರಿ ಕಿತ್ತು ಕೆಳಗೆ ಹಾಕಿತು.

‘ಈ ಸ್ಥಿತಿಯಲ್ಲಿ ಕೊಟ್ರೆ ಇದು ಹತ್ತು ಮನೆ ತಿರುಗುತ್ತೆ ಅಷ್ಟೇ’ ಅಂದಳು ಹೆಂಡತಿ. ಜಾಹೀರಾತು ಡ್ರಾಫ್ಟಿನಲ್ಲೇ ಉಳಿಯಿತು. ಅದಾದ ಮೇಲಿನ ಕೆಲವು ತಿಂಗಳಲ್ಲಿ ನಾವು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಹಕ್ಕಿ ಸಾಕಿ ಕಂಗಾಲಾಗಿರುವ ಇನ್ನೊಂದು ಮನೆಗೆ ಇದು ಉಪಯೋಗವಾದರೆ ಸಂತೋಷ.

ಲಾಕ್‌ಡೌನ್‌ನಲ್ಲಿ ಬಂದ ಅತಿಥಿ

ಕೇಸರಿ ನಮ್ಮ ಮನೆಗೆ ಬಂದದ್ದು 2021ರಲ್ಲಿ. ಹಳದಿ, ಕಿತ್ತಳೆ ಬಣ್ಣ ನೋಡಿ ಹೆಂಡತಿ ‘ಕೇಸರಿಬಾತ್’ ಅಂತ ಕರೆದಳು, ಅದು ಕೇಸರಿ ಆಯ್ತು. ಗಂಡೋ ಹೆಣ್ಣೋ ಗೊತ್ತಿಲ್ಲ. ಈ ಜಾತಿಯಲ್ಲಿ ಕಣ್ಣಿಂದ ನೋಡಿ ಹೇಳೋಕಾಗಲ್ಲ, ಡಿಎನ್‌ಎ ಪರೀಕ್ಷೆಯೇ ಆಗಬೇಕು.

ಇಬ್ಬರಿಗೂ ವರ್ಕ್ ಫ್ರಮ್ ಹೋಮ್. ಕೇಸರಿ ದಿನಕ್ಕೆ ಎಂಟು ಗಂಟೆ ನನ್ನ ಭುಜದ ಮೇಲೆ ಕೂತು ಕೋಡ್ ನೋಡುತ್ತಿತ್ತು. 2023ರಲ್ಲಿ ಆಫೀಸಿಗೆ ಬನ್ನಿ ಅಂದರು. ಒಂದು ಸೋಮವಾರ ಬೆಳಿಗ್ಗೆ ನಾವಿಬ್ಬರೂ ಬ್ಯಾಗ್ ಹಾಕಿಕೊಂಡು ಹೊರಟೆವು. ಗುಂಪಿನಲ್ಲೇ ಬದುಕುವ ಹಕ್ಕಿಗೆ, ಗುಂಪು ಇದ್ದಕ್ಕಿದ್ದಂತೆ ಮಾಯವಾದರೆ ಹೇಗಾಗಬಹುದು ಅಂತ ನಾವು ಒಂದು ನಿಮಿಷವೂ ಯೋಚಿಸಿರಲಿಲ್ಲ.

ಇಲ್ಲಿ ಕಾನೂನಿನ ಒಂದು ಮಾತು. ನಮ್ಮೂರಿನ ಹಸಿರು ಗಿಳಿಯನ್ನು, ಅಂದರೆ ಕೆಂಪು ಕೊಕ್ಕಿನ, ಕುತ್ತಿಗೆಗೆ ಪಟ್ಟಿ ಇರುವ ಗಿಳಿಯನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಪ್ರೀತಿಯಿಂದ ಸಾಕಿದರೂ ಅಪರಾಧವೇ. ಸನ್ ಕನ್ಯೂರ್ ದಕ್ಷಿಣ ಅಮೆರಿಕದ ಹಕ್ಕಿ. ಅಲ್ಲಿನ ಕಾಡಿನಲ್ಲಿ ಅದೂ ಅಳಿವಿನಂಚಿನಲ್ಲಿದೆ. ಇಂಥ ವಿದೇಶಿ ಹಕ್ಕಿ ಸಾಕುವವರು 2024ರ ನಿಯಮದಂತೆ ಕೇಂದ್ರದ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಾವೂ ಮಾಡಿಸಿದ್ದೇವೆ. ಬಡ್ಜಿ ಮತ್ತು ಕಾಕಟೀಲ್‌ಗಳಿಗೆ ಈ ನೋಂದಣಿ ಬೇಕಿಲ್ಲ.

ಅಮ್ಮನ ಕ್ಯಾಲೆಂಡರ್

ಆ ವರ್ಷ ದಸರಾಕ್ಕೆ ಅಮ್ಮ ತಿಪಟೂರಿನಿಂದ ಬಂದರು. ನಾವು ಆಫೀಸಿಗೆ ಹೋದಾಗ ಮನೆಯಲ್ಲಿ ಅಮ್ಮ, ಕೇಸರಿ ಇಬ್ಬರೇ. ‘ಅಮ್ಮಾ, ಇದು ಯಾವಾಗ ಕೂಗುತ್ತೆ, ಅದಕ್ಕೆ ಮುಂಚೆ ಏನಾಯ್ತು, ಕೂಗಿದ ಮೇಲೆ ನೀನೇನು ಮಾಡಿದೆ, ಇಷ್ಟು ಬರೆದಿಡ್ತೀಯಾ?’ ಅಂತ ಕೇಳಿದೆ. ಪ್ರಾಣಿಗಳ ವರ್ತನೆಯನ್ನು ಅಭ್ಯಾಸ ಮಾಡುವವರು ಬಳಸುವ ಕ್ರಮವೇ ಇದು: ಮುಂಚೆ, ಆಗ, ಆಮೇಲೆ. ಕಂಪ್ಯೂಟರಿನಲ್ಲಿ ಬಗ್ ಹುಡುಕೋದೂ ಹೀಗೇ. ಅಮ್ಮ ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರಿನ ಚೌಕಗಳಲ್ಲಿ ಪುಟ್ಟ ಅಕ್ಷರದಲ್ಲಿ ಎಲ್ಲ ಬರೆದರು. ನಾವು ಮನೆಯಲ್ಲಿದ್ದ ಹೊತ್ತಿನದನ್ನು ನಾವು ಬರೆದೆವು.

ಎರಡು ವಾರದ ಮೇಲೆ ನೋಡಿದರೆ ಚಿತ್ರ ಸ್ಪಷ್ಟವಾಗಿತ್ತು. ಬೆಳಿಗ್ಗೆ ಆರೂವರೆ ಸುಮಾರಿಗೆ ಮತ್ತು ಸಂಜೆ ಸೂರ್ಯ ಮುಳುಗುವಾಗ ಕೂಗು ಇದ್ದೇ ಇತ್ತು. ನಾವು ಬಾಗಿಲು ಹಾಕಿಕೊಂಡು ಹೊರಟ ಕೂಡಲೇ ಕೂಗು. ನಾನು ಫೋನಿನಲ್ಲಿ ಮಾತಾಡುವಾಗ ಕೂಗು. ‘ಆಮೇಲೆ’ ಅನ್ನೋ ಕಡೆ ಮಾತ್ರ ಎಲ್ಲ ದಿನವೂ ಒಂದೇ ಥರ: ‘ಹತ್ರ ಹೋದೆ’, ‘ಬೈದೆ’, ‘ಬೀಜ ಕೊಟ್ಟೆ’.

ಅಮ್ಮ ಕ್ಯಾಲೆಂಡರ್ ಕೆಳಗಿಟ್ಟು ಅಂದರು, ‘ಅಲ್ಲ ಕಣೋ, ಕೂಗಿದ್ರೆ ಮೂರು ಜನ ಓಡಿ ಬರ್ತೀವಿ. ಸುಮ್ನೆ ಕೂತಿದ್ರೆ ಒಬ್ರೂ ತಿರುಗಿ ನೋಡಲ್ಲ. ಇನ್ನೇನ್ ಮಾಡುತ್ತೆ ಅದು?’ ಒಂದು ಕ್ಷಣ ಬಿಟ್ಟು, ‘ನಾನೂ ಅಷ್ಟೇ, ಮಂಡಿ ನೋವು ಅಂದ್ರೆ ತಾನೆ ನೀನು ಊರಿಗೆ ಬರೋದು’ ಅಂದು ನಕ್ಕರು. ನನಗೆ ನಗು ಬರಲಿಲ್ಲ.

ಕೂಗಿಗೆ ಸಂಬಳ ಕೊಡಬೇಡಿ

ಮೊದಲು ಒಪ್ಪಿಕೊಳ್ಳಬೇಕಾದದ್ದು: ಗಿಳಿ ಜಾತಿಯ ಹಕ್ಕಿ ಕೂಗೇ ಕೂಗುತ್ತೆ. ಕಾಡಿನಲ್ಲಿ ಬೆಳಿಗ್ಗೆ, ಸಂಜೆ ಗುಂಪಿನವರನ್ನು ‘ಎಲ್ಲಿದ್ದೀರಿ?’ ಅಂತ ಕರೆಯುವುದು ಅದರ ಸ್ವಭಾವ. ಅದನ್ನು ನಿಲ್ಲಿಸೋಕೆ ಹೋಗಬಾರದು. ದಿನಕ್ಕೆ ಹತ್ತು ಹದಿನೈದು ನಿಮಿಷದ ಆ ಗಲಾಟೆ ಬೇಡ ಅನ್ನುವವರು ಇಂಥ ಹಕ್ಕಿ ತರಬಾರದು. ನಾವು ಕಡಿಮೆ ಮಾಡಬಹುದಾದದ್ದು ಉಳಿದ ಹೊತ್ತಿನ ಕೂಗನ್ನು.

ಅದಕ್ಕೆ ನಾವು ಮಾಡಿದ್ದು ಮೂರು ಕೆಲಸ. ಒಂದು, ಕಿರುಚಿದಾಗ ಹತ್ತಿರ ಹೋಗಲಿಲ್ಲ, ಬೈಯಲಿಲ್ಲ, ಆ ಕಡೆ ನೋಡಲೂ ಇಲ್ಲ. ಬೈಗುಳವೂ ಹಕ್ಕಿಗೆ ಒಂದು ಉತ್ತರವೇ. ‘ನಾನು ಕೂಗಿದೆ, ಅವರೂ ಕೂಗಿದರು’ ಅಂತ ಅದಕ್ಕೆ ಖುಷಿ. ಎರಡು, ಕಿರುಚು ನಿಂತು ಮೂರ್ನಾಲ್ಕು ಸೆಕೆಂಡ್ ಸುಮ್ಮನಿದ್ದರೂ ಸಾಕು, ತಕ್ಷಣ ಹೋಗಿ ಮಾತಾಡಿಸಿ ಒಂದು ಬೀಜ ಕೊಟ್ಟೆವು. ಆಮೇಲೆ ಆ ಸಮಯವನ್ನು ಹತ್ತು ಸೆಕೆಂಡ್, ಅರ್ಧ ನಿಮಿಷ ಅಂತ ಹೆಚ್ಚಿಸುತ್ತಾ ಹೋದೆವು. ಮೂರು, ಕಿರುಚಿನ ಬದಲು ಬೇರೆ ದನಿ ಕಲಿಸಿದೆವು. ಪಕ್ಕದ ರೂಮಿಗೆ ಹೋಗುವಾಗ ನಾನು ಒಂದು ಪುಟ್ಟ ಸಿಳ್ಳೆ ಹಾಕುತ್ತೇನೆ, ಅದು ಸಿಳ್ಳೆ ಹಾಕಿದರೆ ಎಲ್ಲಿದ್ದರೂ ತಿರುಗಿ ಸಿಳ್ಳೆ ಹಾಕುತ್ತೇನೆ. ಗುಂಪು ಇಲ್ಲೇ ಇದೆ ಅಂತ ಅದಕ್ಕೆ ಗೊತ್ತಾದರೆ ಸಾಕು.

ಒಂದು ಎಚ್ಚರಿಕೆ. ಶುರು ಮಾಡಿದ ಮೊದಲ ದಿನಗಳಲ್ಲಿ ಕೂಗು ಕಡಿಮೆ ಆಗಲ್ಲ, ಜಾಸ್ತಿ ಆಗುತ್ತೆ. ದಿನಾ ಕೆಲಸ ಮಾಡುತ್ತಿದ್ದ ಲಿಫ್ಟಿನ ಬಟನ್ ಒಂದು ದಿನ ಕೆಲಸ ಮಾಡದಿದ್ದರೆ ನಾವು ಹತ್ತು ಸಲ ಒತ್ತಲ್ವಾ, ಹಾಗೆ. ನಾಲ್ಕನೇ ದಿನ ಸೋತು ಓಡಿ ಹೋದಿರೋ, ‘ಓಹೋ, ಇಷ್ಟು ಜೋರಾಗಿ ಕೂಗಬೇಕು’ ಅಂತ ಅದು ಕಲಿಯುತ್ತೆ. ಹಾಗಾಗಿ ನಾನು ಕೆಳಗಿನ ಮನೆಗೆ ಹೋಗಿ, ‘ಇನ್ನೊಂದು ವಾರ ಇನ್ನೂ ಗಲಾಟೆ ಇರುತ್ತೆ, ಮಗು ಮಲಗೋ ಹೊತ್ತು ಹೇಳಿ, ಆಗ ಹಕ್ಕಿಯನ್ನ ಆ ಕಡೆ ರೂಮಿಗೆ ಒಯ್ತೀವಿ’ ಅಂತ ಹೇಳಿ ಬಂದೆ. ಅವರು ಒಪ್ಪಿದರು. ಮೊದಲೇ ಹೋಗಿ ಮಾತಾಡಿದ್ದರೆ ಆ ಮೆಸೇಜೇ ಬರುತ್ತಿರಲಿಲ್ಲವೇನೋ.

ಕಚ್ಚುವ ಮುಂಚೆ ಅದು ಹೇಳಿರುತ್ತೆ

ಕೇಸರಿ ನನ್ನನ್ನು ಕಚ್ಚುತ್ತಿರಲಿಲ್ಲ, ನನ್ನ ಹೆಂಡತಿಯನ್ನು ರಕ್ತ ಬರುವ ಹಾಗೆ ಕಚ್ಚುತ್ತಿತ್ತು. ಇದಕ್ಕೂ ಕಾರಣ ನಾನೇ. ಎರಡು ವರ್ಷ ದಿನವಿಡೀ ನನ್ನ ಭುಜದ ಮೇಲಿದ್ದ ಹಕ್ಕಿ ನನ್ನನ್ನು ಜೋಡಿ ಅಂದುಕೊಂಡಿತ್ತು. ಹತ್ತಿರ ಬಂದವರೆಲ್ಲ ಅದಕ್ಕೆ ಎದುರಾಳಿಗಳು.

ಗಿಳಿ ಸುಮ್ಮಸುಮ್ಮನೆ ಕಚ್ಚುವುದು ಕಡಿಮೆ. ಮೊದಲು ಮೈಯಲ್ಲೇ ಹೇಳುತ್ತೆ: ಕಣ್ಣಿನ ಪಾಪೆ ಚಿಕ್ಕದು ದೊಡ್ಡದು ಆಗುತ್ತೆ, ಕತ್ತಿನ ಗರಿ ನಿಮಿರುತ್ತೆ, ಬಾಲ ಬಿಚ್ಚಿಕೊಳ್ಳುತ್ತೆ, ಇಲ್ಲವೇ ಹಿಂದೆ ಸರಿಯುತ್ತೆ. ಆಗಲೂ ನಾವು ‘ಬಾ ಬಾ’ ಅಂತ ಕೈ ಚಾಚಿದರೆ ಅದಕ್ಕೆ ಉಳಿಯುವುದು ಕೊಕ್ಕು ಮಾತ್ರ. ಹೀಗೆ ಹೇಳಿದ್ದನ್ನು ನಾವು ಮತ್ತೆ ಮತ್ತೆ ಕೇಳದೆ ಹೋದರೆ ಅದು ಹೇಳುವುದನ್ನೇ ಬಿಟ್ಟು ಸೀದಾ ಕಚ್ಚೋದು ಕಲಿಯುತ್ತೆ.

ಕಚ್ಚಿದಾಗ ಕೈ ಝಾಡಿಸಬೇಡಿ, ಕಿರುಚಬೇಡಿ, ಕೊಕ್ಕಿಗೆ ಹೊಡೆಯಲೇಬೇಡಿ. ಮೆಲ್ಲಗೆ ಹತ್ತಿರದ ಕೊಂಬೆ ಮೇಲೋ ಮೇಜಿನ ಮೇಲೋ ಇಳಿಸಿ, ಅರ್ಧ ನಿಮಿಷ ಆ ಕಡೆ ತಿರುಗಿಕೊಳ್ಳಿ ಸಾಕು. ಭುಜದ ಮೇಲೆ ಕೂರಿಸುವುದನ್ನು ನಾವು ನಿಲ್ಲಿಸಿದೆವು. ಅಲ್ಲಿ ಅದರ ಮುಖ ನಮಗೆ ಕಾಣಲ್ಲ, ನಮ್ಮ ಕಿವಿ, ಕಣ್ಣು ಮಾತ್ರ ಅದಕ್ಕೆ ಹತ್ತಿರ. ಕೇಸರಿಗೆ ಪ್ರಾಣವಾದ ಸೂರ್ಯಕಾಂತಿ ಬೀಜ ಇನ್ನು ಮುಂದೆ ನನ್ನ ಹೆಂಡತಿಯ ಕೈಯಿಂದ ಮಾತ್ರ ಅಂತ ನಿಯಮ ಮಾಡಿದೆವು. ಮೊದಲು ಪಂಜರದ ಹೊರಗಿಂದ, ಆಮೇಲೆ ಒಂದು ಐಸ್‌ಕ್ರೀಮ್ ಕಡ್ಡಿಯ ತುದಿ ಮುಟ್ಟಿದರೆ ಒಂದು ಬೀಜ, ಆಮೇಲೆ ಕೈ ಮೇಲೆ ಹತ್ತಿದರೆ ಒಂದು ಬೀಜ. ಏಳು ವಾರ ಹಿಡಿಯಿತು. ಹತ್ತಲ್ಲ ಅಂದ ದಿನ ಅವಳು ಬಲವಂತ ಮಾಡಲಿಲ್ಲ.

ಮುದ್ದು ಮಾಡುವುದರಲ್ಲೂ ಒಂದು ಕ್ರಮ ಇದೆ ಅಂತ ಆಮೇಲೆ ಗೊತ್ತಾಯ್ತು. ತಲೆ, ಕತ್ತು ಮಾತ್ರ ಸವರಬೇಕು. ಬೆನ್ನು, ರೆಕ್ಕೆ ಕೆಳಗೆ ಸವರಿದರೆ ಅದು ಹಕ್ಕಿಗೆ ಜೋಡಿಯ ಸಂಕೇತ. ಆಗ ಗೂಡು ಕಟ್ಟುವ ಆಸೆ, ಸಿಟ್ಟು, ಹೆಣ್ಣಾದರೆ ಸುಮ್ಮನೆ ಮೊಟ್ಟೆ ಇಡುವುದು ಎಲ್ಲ ಶುರುವಾಗುತ್ತೆ. ಪಂಜರದೊಳಗಿನ ಕತ್ತಲೆ ಡಬ್ಬಿ, ಬಟ್ಟೆಯ ಗುಡಾರವೂ ಇದೇ ಕಾರಣಕ್ಕೆ ಬೇಡ.

ಕಿತ್ತ ಗರಿ ಹೇಳಿದ ಕತೆ

ಗರಿ ಕೀಳುವುದಕ್ಕೆ ಮನೆಮದ್ದು ಹುಡುಕುತ್ತಾ ನಾವು ಒಂದು ತಿಂಗಳು ಹಾಳು ಮಾಡಿದೆವು. ನೀವು ಹಾಗೆ ಮಾಡಬೇಡಿ. ಗರಿ ಕೀಳಲು ಚರ್ಮದ ತೊಂದರೆ, ಹೊಟ್ಟೆಯ ಪರೋಪಜೀವಿ, ಕಳಪೆ ಪಂಜರದ ಸತು ಹೊಟ್ಟೆಗೆ ಹೋಗಿ ಆಗುವ ವಿಷ, ಹೀಗೆ ನಾನಾ ಕಾರಣ ಇರಬಹುದು. ಮೊದಲು ಡಾಕ್ಟರು, ಆಮೇಲೆ ಉಳಿದದ್ದು.

ಹಕ್ಕಿಗಳನ್ನು ನೋಡಿ ಅನುಭವ ಇರುವ ವೈದ್ಯರು ಸಿಕ್ಕಿದ್ದು ಮನೆಯಿಂದ 14 ಕಿಲೋಮೀಟರ್ ದೂರದಲ್ಲಿ. ಅವರು ಮೊದಲು ನೋಡಿದ್ದು ಕೇಸರಿಯ ತಲೆಯನ್ನು. ತಲೆಯ ಗರಿ ನೀಟಾಗಿದ್ದವು. ‘ಕೊಕ್ಕು ತಲೆಗೆ ಸಿಗಲ್ಲ. ಸಿಗೋ ಕಡೆ ಮಾತ್ರ ಗರಿ ಇಲ್ಲ ಅಂದ್ರೆ ತಾನೇ ಕೀಳ್ತಿದೆ’ ಅಂದರು. ಮಲ ಪರೀಕ್ಷೆ, ರಕ್ತ ಪರೀಕ್ಷೆ ಆಯ್ತು. ದೊಡ್ಡ ಕಾಯಿಲೆ ಇರಲಿಲ್ಲ. ಆಮೇಲೆ ಮೂರು ಪ್ರಶ್ನೆ ಕೇಳಿದರು: ಏನು ತಿನ್ನುತ್ತೆ? ಎಷ್ಟು ಹೊತ್ತು ಮಲಗುತ್ತೆ? ದಿನವಿಡೀ ಏನು ಕೆಲಸ ಮಾಡುತ್ತೆ? ಮೂರಕ್ಕೂ ನಮ್ಮ ಉತ್ತರ ಚೆನ್ನಾಗಿರಲಿಲ್ಲ. ಬರೀ ಸೂರ್ಯಕಾಂತಿ ಬೀಜ. ರಾತ್ರಿ ಹನ್ನೊಂದೂವರೆವರೆಗೆ ಟಿ.ವಿ. ಮುಂದೆ. ಕೆಲಸ ಏನೂ ಇಲ್ಲ.

ಆ ಮೂರನೇ ಪ್ರಶ್ನೆ ನನಗೆ ಹೊಸದು. ಕಾಡಿನ ಗಿಳಿ ದಿನದ ಬಹುಪಾಲು ಆಹಾರ ಹುಡುಕುವುದರಲ್ಲೇ ಕಳೆಯುತ್ತೆ. ನಮ್ಮನೆಯಲ್ಲಿ ಬಟ್ಟಲು ತುಂಬಿಸಿಟ್ಟರೆ ಹತ್ತು ನಿಮಿಷಕ್ಕೆ ಊಟ ಮುಗೀತು. ಉಳಿದ ಹೊತ್ತು ಆ ಕೊಕ್ಕು ಏನು ಮಾಡಬೇಕು? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಳೆಯ ಅಮೆಜಾನ್ ಗಿಳಿಗಳಿಗೆ ಆಹಾರ ಹುಡುಕಿ ತಿನ್ನುವ ಅವಕಾಶ ಮತ್ತು ಹತ್ತಿ ಆಡುವ ವಸ್ತುಗಳನ್ನು ಕೊಟ್ಟಾಗ ಗರಿ ಕೀಳುವುದು ಕಡಿಮೆಯಾಯಿತು. ಐರೀನ್ ಪೆಪ್ಪರ್‌ಬರ್ಗ್ 1977ರಿಂದ 30 ವರ್ಷ ಅಭ್ಯಾಸ ಮಾಡಿದ ಅಲೆಕ್ಸ್ ಅನ್ನೋ ಆಫ್ರಿಕನ್ ಗ್ರೇ ಗಿಳಿ ಬಣ್ಣ, ಆಕಾರ ಗುರುತಿಸಿ ಹೆಸರು ಹೇಳುತ್ತಿತ್ತು. ಅಂಥ ಬುದ್ಧಿ ಇರುವ ಜಾತಿಯನ್ನು ನಾವು ಖಾಲಿ ಕೂರಿಸಿದ್ದೆವು.

ಈ ಕೆಲಸವನ್ನು ಅಮ್ಮ ವಹಿಸಿಕೊಂಡರು. ತಿಪಟೂರಿನವರಿಗೆ ತೆಂಗಿನಕಾಯಿಗೆ ಬರವೇ? ಕರಟಕ್ಕೆ ತೂತು ಮಾಡಿ ಒಳಗೆ ಕಾಳು ಹಾಕಿ ತೂಗುಬಿಟ್ಟರು. ಮುಸುಕಿನ ಜೋಳದ ಸಿಪ್ಪೆಯಲ್ಲಿ ಕ್ಯಾರೆಟ್ ಚೂರು ಸುತ್ತಿ ಗಂಟು ಹಾಕಿದರು. ಬಣ್ಣ ಇಲ್ಲದ ಕಾಗದದ ಪೊಟ್ಟಣ, ಸೀಬೆ ಮರದ ಎಲೆ ಸಮೇತದ ಕೊಂಬೆ, ದಿನಕ್ಕೊಂದು ಹೊಸದು. ಒಂದೇ ದಪ್ಪದ ಪ್ಲಾಸ್ಟಿಕ್ ಕಡ್ಡಿ ತೆಗೆದು, ಬೇರೆ ಬೇರೆ ದಪ್ಪದ ಸೀಬೆ ಕೊಂಬೆಗಳನ್ನೇ ಕೂರಲು ಹಾಕಿದೆವು. ತೆಂಗಿನ ನಾರು, ದಾರ ಉದ್ದ ಇದ್ದರೆ ಬೆರಳಿಗೆ ಸುತ್ತಿಕೊಳ್ಳುತ್ತೆ, ಕತ್ತರಿಸಿ ಹಾಕಿ.

ಊಟ, ನಿದ್ದೆ, ತಕ್ಕಡಿ

ಸೂರ್ಯಕಾಂತಿ ಬೀಜದಲ್ಲಿ ಕೊಬ್ಬು ಜಾಸ್ತಿ, ‘ಎ’ ವಿಟಮಿನ್ ಮತ್ತು ಕ್ಯಾಲ್ಸಿಯಂ ಕಡಿಮೆ. ಡಾಕ್ಟರು ಹೇಳಿದಂತೆ ಪೆಲೆಟ್, ಕ್ಯಾರೆಟ್, ಸಿಹಿಗುಂಬಳ, ಬೇಯಿಸಿದ ಗೆಣಸು, ನುಗ್ಗೆಸೊಪ್ಪು, ಮೊಳಕೆ ಹೆಸರುಕಾಳು, ಸೀಬೆಹಣ್ಣಿಗೆ ಬದಲಾಯಿಸಿದೆವು. ಒಂದೇ ದಿನಕ್ಕೆ ಬದಲಾಯಿಸಬೇಡಿ. ಹೊಸದು ತಿನ್ನದೆ ಹಕ್ಕಿ ಉಪವಾಸ ಬೀಳಬಹುದು. ಬೆಳಿಗ್ಗೆ ಹಸಿದಾಗ ಹೊಸದು, ಸಂಜೆ ಸ್ವಲ್ಪ ಹಳೆಯದು, ವಾರವಾರಕ್ಕೂ ಹಳೆಯದು ಕಡಿಮೆ. ನಾವು ಎದುರಿಗೆ ಕೂತು ತಿಂದರೆ ಅದೂ ಬೇಗ ತಿನ್ನುತ್ತೆ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಟೀ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಹಾಕಿದ ತಿಂಡಿ ಕೊಡಲೇಬಾರದು. ಬೆಣ್ಣೆಹಣ್ಣಂತೂ ಪ್ರಾಣಕ್ಕೇ ಅಪಾಯ.

ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಒಂದು ಇಟ್ಟುಕೊಳ್ಳಿ. ಬೆಳಿಗ್ಗೆ ತಿನ್ನುವ ಮುಂಚೆ ತೂಗಿ ಬರೆಯಿರಿ. ಕೇಸರಿ 112 ಗ್ರಾಂ ಇದ್ದದ್ದು ಆಹಾರ ಬದಲಾಯಿಸುವಾಗ 107ಕ್ಕೆ ಇಳಿಯಿತು, ಆಗ ಎರಡು ದಿನ ನಿಧಾನ ಮಾಡಿದೆವು. ತೂಕ ಹತ್ತನೇ ಒಂದು ಭಾಗ ಇಳಿದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಬೇಟೆಗೆ ಸಿಗುವ ಜೀವಿ ತನ್ನ ಕಾಯಿಲೆಯನ್ನು ಬಚ್ಚಿಡುತ್ತೆ. ಮೈ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿದ್ದರೆ, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಅದು ‘ನಾಳೆ ನೋಡೋಣ’ ಅನ್ನುವ ಸಮಯ ಅಲ್ಲ.

ನಿದ್ದೆ ಹತ್ತರಿಂದ ಹನ್ನೆರಡು ಗಂಟೆ ಬೇಕು. ಸಂಜೆ ಏಳೂವರೆಗೆ ಸದ್ದಿಲ್ಲದ ರೂಮಿನಲ್ಲಿ ಕತ್ತಲೆ. ಟಿ.ವಿ. ಮುಂದಿನ ಪಂಜರಕ್ಕೆ ಬಟ್ಟೆ ಹೊದಿಸಿದರೆ ಅದು ನಿದ್ದೆ ಅಲ್ಲ. ಬರೀ ಈ ಬದಲಾವಣೆಯಿಂದ ಕೇಸರಿಯ ಅರ್ಧ ಸಿಟ್ಟು ಇಳಿಯಿತು.

ದೋಸೆ ಕಾವಲಿ ಮತ್ತು ಸಾಂಬ್ರಾಣಿ

ಡಾಕ್ಟರು ಕೊನೆಗೆ ಹೇಳಿದ್ದು ಕೇಳಿ ಮೈ ಜುಮ್ಮೆಂದಿತು. ನಾನ್‌ಸ್ಟಿಕ್ ಪಾತ್ರೆಯ ಟೆಫ್ಲಾನ್ ಲೇಪ ಅತಿಯಾಗಿ ಕಾದರೆ, ಖಾಲಿ ಕಾವಲಿಯನ್ನು ಒಲೆ ಮೇಲೆ ಮರೆತರೆ, ಬರುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ನಮಗೆ ವಾಸನೆಯೂ ಬಾರದೇ ಇರಬಹುದು. ಹಕ್ಕಿಯ ಶ್ವಾಸಕೋಶಕ್ಕೆ ಉಸಿರು ಎಳೆದಾಗಲೂ ಬಿಟ್ಟಾಗಲೂ ಹೊಸ ಗಾಳಿ ಹೋಗುತ್ತೆ, ಹಾಗಾಗಿ ವಿಷವೂ ಬೇಗ ಏರುತ್ತೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ವಿಷಾನಿಲ ತಿಳಿಯಲು 1986ರವರೆಗೆ ಕೆನರಿ ಹಕ್ಕಿ ಇಟ್ಟುಕೊಳ್ಳುತ್ತಿದ್ದರು. ನಮ್ಮ ಅಡುಗೆಮನೆಯಿಂದ ಪಂಜರ ಎಂಟು ಹೆಜ್ಜೆ ದೂರ. ಮರುದಿನವೇ ನಾನ್‌ಸ್ಟಿಕ್ ಕಾವಲಿ ಹೊರಗೆ ಹೋಗಿ, ಅಮ್ಮನ ಹಳೇ ಕಬ್ಬಿಣದ ಕಾವಲಿ ಬಂತು. ಸೊಳ್ಳೆಬತ್ತಿ, ರೂಮ್ ಫ್ರೆಶ್‌ನರ್ ನಿಲ್ಲಿಸಿದೆವು. ಸಾಂಬ್ರಾಣಿ ಹಾಕುವ ದಿನ ಕೇಸರಿ ಬಾಗಿಲು ಹಾಕಿದ ರೂಮಿನಲ್ಲಿ, ಕಿಟಕಿ ತೆರೆದು. ಹೊರಗೆ ಬಿಡುವಾಗ ಫ್ಯಾನ್ ಆಫ್, ಕನ್ನಡಿಗೆ ಪರದೆ.

ಈಗ ಹೇಗಿದೆ?

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತೆ. ಕೇಸರಿ ಸಂಜೆ ಈಗಲೂ ಹತ್ತು ನಿಮಿಷ ಬಾಯಿ ಮಾಡುತ್ತೆ. ಎದೆಯ ಗರಿ ಬಹುತೇಕ ಬಂದಿದೆ, ಎಡಗಡೆ ಒಂದು ರೂಪಾಯಿ ಅಗಲದಷ್ಟು ಜಾಗ ಮಾತ್ರ ಬೋಳು. ಪದೇ ಪದೇ ಕಿತ್ತು ಬುಡವೇ ಹಾಳಾಗಿದೆ, ಅಲ್ಲಿ ಇನ್ನು ಬರಲಿಕ್ಕಿಲ್ಲ ಅಂದರು ಡಾಕ್ಟರು. ನಾವು ಮನೆಮದ್ದು ಹುಡುಕುತ್ತಾ ಕಳೆದ ತಿಂಗಳಿಗೆ ಅದೇ ಗುರುತು.

ಅಮ್ಮ ದೀಪಾವಳಿ ಮುಗಿಸಿ ಊರಿಗೆ ಹೋದರು. ಈಗ ನಾನು, ಹೆಂಡತಿ ಆಫೀಸಿಗೆ ಹೋಗುವ ದಿನಗಳನ್ನು ಹಂಚಿಕೊಂಡಿದ್ದೇವೆ, ಇಬ್ಬರೂ ಹೋಗಲೇಬೇಕಾದ ದಿನ ಕರಟ ತುಂಬಿಸಿಟ್ಟು ಹೋಗುತ್ತೇವೆ. ಕೆಳಗಿನ ಮನೆಯ ಮಗು ಈಗ ನಡೆಯುತ್ತೆ. ಭಾನುವಾರ ಬಂದು ‘ಕೇಚಿ’ ಅಂತ ಕರೆದು ಒಂದು ಕ್ಯಾರೆಟ್ ಚೂರು ಕೊಟ್ಟು ಹೋಗುತ್ತೆ.

ಹಕ್ಕಿ ತರಬೇಕು ಅಂತಿರುವವರಿಗೆ ಒಂದೇ ಮಾತು. ಸನ್ ಕನ್ಯೂರ್ 20–30 ವರ್ಷ ಬದುಕಬಲ್ಲದು. ನಿಮ್ಮ ಕೆಲಸ, ಊರು, ಮನೆ ಬದಲಾದರೂ ಅದು ನಿಮ್ಮ ಜೊತೆಗಿರುತ್ತೆ. ಈಗಾಗಲೇ ತಂದಿದ್ದರೆ, ಕೊಟ್ಟುಬಿಡೋಣ ಅನ್ನಿಸಿದ್ದರೆ, ಎರಡು ವಾರ ಒಂದು ಕ್ಯಾಲೆಂಡರ್ ತಗೊಂಡು ಬರೆಯಿರಿ: ಮುಂಚೆ ಏನಾಯ್ತು, ಅದು ಏನು ಮಾಡ್ತು, ಆಮೇಲೆ ನೀವೇನು ಮಾಡಿದ್ರಿ.

ಅಮ್ಮನಿಗೆ ಈಗ ದಿನಾ ರಾತ್ರಿ ಊಟಕ್ಕೆ ಮುಂಚೆ ಫೋನ್ ಮಾಡುತ್ತೇನೆ. ಮಂಡಿ ನೋವಿನ ಮಾತು ಬರದ ದಿನವೂ.